ಲೈಂಗಿಕ ಸೋಂಕಿನ ಅಂಕಿ ಏರಿದೆಯೋ, ಇಳಿದಿದೆಯೋ? ಓದಿಕೊಳ್ಳುವ ಬಗೆ

ಡಿಸೆಂಬರ್ 1ರ ಏಡ್ಸ್ ದಿನ ಹತ್ತಿರ ಬಂದರೆ ಸಾಕು, ಊರಿನ ವರದಿಗಾರರು ಫೋನ್ ಮಾಡುತ್ತಾರೆ. "ಮೇಡಂ, ಈ ವರ್ಷ ಕೇಸ್ ಜಾಸ್ತಿನಾ, ಕಮ್ಮಿನಾ?" ಹೆಡ್ಡಿಂಗ್‌ಗೆ ಒಂದು ಸಾಲು ಸಿಕ್ಕರೆ ಅವರಿಗೆ ಸಾಕು. ನಾನು ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿ. ಎಚ್‌ಐವಿ ಪರೀಕ್ಷೆಗೆ ಬಂದವರು, ಲೈಂಗಿಕ ಸೋಂಕಿಗೆ ಚಿಕಿತ್ಸೆ ಕೊಡುವ ಪಕ್ಕದ ಸುರಕ್ಷಾ ಕ್ಲಿನಿಕ್‌ಗೆ ಬಂದವರು ನಮ್ಮ ಕೋಣೆ ದಾಟಿಯೇ ಹೋಗಬೇಕು. ತಿಂಗಳ ಕೊನೆಗೆ ರಿಜಿಸ್ಟರ್ ನೋಡಿ ವರದಿಯ ಕಾಲಂ ತುಂಬುವುದೂ ನಮ್ಮದೇ ಕೆಲಸ. ಈ ಕಾಲಂಗಳೆಲ್ಲ ಸೇರಿಯೇ ಮುಂದೆ ದೇಶದ ಅಂಕಿ ಆಗುತ್ತವೆ. ಅಲ್ಲಿ ಏನು ಸೇರುತ್ತದೆ, ಏನು ಬಿಟ್ಟುಹೋಗುತ್ತದೆ ಅಂತ ಕಣ್ಣಾರೆ ನೋಡುತ್ತಿರುವುದರಿಂದ ನನಗೆ ಒಂದು ಅಭ್ಯಾಸ ಬಂದುಬಿಟ್ಟಿದೆ. ಏರಿತು, ಇಳಿಯಿತು ಅನ್ನುವ ಸುದ್ದಿ ಕಂಡರೆ ಮೊದಲು ಕೆಲವು ಪ್ರಶ್ನೆ ಕೇಳುತ್ತೇನೆ. ಅವನ್ನೇ ಇಲ್ಲಿ ಬರೆದಿದ್ದೇನೆ. ಪತ್ರಕರ್ತರಿಗೂ ಆಗುತ್ತದೆ, ಆಶಾ ಕಾರ್ಯಕರ್ತೆಯರಿಗೂ ಆಗುತ್ತದೆ, ಮನೆಯಲ್ಲಿ ಪೇಪರ್ ಓದುವವರಿಗೂ ಆಗುತ್ತದೆ.

ಎಣಿಸಿದ್ದಾ, ಅಂದಾಜಾ?

ಭಾರತದಲ್ಲಿ ಇಷ್ಟು ಲಕ್ಷ ಜನರಿಗೆ ಎಚ್‌ಐವಿ ಇದೆ ಅಂತ ಓದುತ್ತೀರಲ್ಲ, ಅದು ಒಬ್ಬೊಬ್ಬರನ್ನೇ ಎಣಿಸಿದ ಲೆಕ್ಕ ಅಲ್ಲ. ಕೆಲವು ಕಡೆ ರಕ್ತ ಪರೀಕ್ಷೆ ಮಾಡಿ, ಅದರ ಮೇಲೆ ಕಟ್ಟಿದ ಅಂದಾಜು. ಗರ್ಭಿಣಿಯರ ಕ್ಲಿನಿಕ್‌ಗಳಲ್ಲಿ ಒಂದೊಂದು ಕಡೆ 400 ಮಾದರಿ ತೆಗೆದುಕೊಳ್ಳುತ್ತಾರೆ. ಲೈಂಗಿಕ ವೃತ್ತಿಯ ಮಹಿಳೆಯರು, ಸೂಜಿಯಿಂದ ಮಾದಕ ವಸ್ತು ತೆಗೆದುಕೊಳ್ಳುವವರು, ಹೀಗೆ ಅಪಾಯ ಜಾಸ್ತಿ ಇರುವ ಗುಂಪುಗಳಿಗೆ ಬೇರೆ ಮಾದರಿ. ಅದರಿಂದ ಜಿಲ್ಲೆ, ರಾಜ್ಯ, ದೇಶ ಅಂತ ಲೆಕ್ಕ ಹಾಕುತ್ತಾರೆ. ಮಾದರಿ ಎಲ್ಲಿಂದ ಬಂತು ಅನ್ನುವುದರ ಮೇಲೆ ಅಂದಾಜು ಎಷ್ಟು ಬದಲಾಗಬಹುದು ಗೊತ್ತಾ? 2006ರಲ್ಲಿ ವಿಶ್ವಸಂಸ್ಥೆಯ ಏಡ್ಸ್ ಸಂಸ್ಥೆ ಭಾರತದಲ್ಲಿ 57 ಲಕ್ಷ ಜನರಿಗೆ ಎಚ್‌ಐವಿ ಇದೆ ಅಂದಿತು. ಜಗತ್ತಿನಲ್ಲೇ ಭಾರತ ಮೊದಲು ಅಂತ ಸುದ್ದಿಯಾಯಿತು. ಮರುವರ್ಷ, 2007ರ ಜುಲೈಯಲ್ಲಿ, ಅದೇ ಸಂಖ್ಯೆ ಸುಮಾರು 25 ಲಕ್ಷ ಆಯಿತು. ಒಬ್ಬರೂ ವಾಸಿಯಾಗಿರಲಿಲ್ಲ. ಬದಲಾಗಿದ್ದು ಲೆಕ್ಕದ ವಿಧಾನ. ಮೊದಲಿನ ಲೆಕ್ಕ ಬಹುಪಾಲು ಸರ್ಕಾರಿ ಆಸ್ಪತ್ರೆಗೆ ಬರುವವರ ರಕ್ತದ ಮೇಲೆ ನಿಂತಿತ್ತು. ಆಮೇಲೆ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆ ಮನೆಗೆ ಹೋಗಿ ಒಂದು ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿಸಿದ್ದರು. ಮಾದರಿ ತೆಗೆಯುವ ಕೇಂದ್ರಗಳೂ ಹೆಚ್ಚಾಗಿದ್ದವು. ಎಲ್ಲ ಸೇರಿಸಿ ನೋಡಿದಾಗ ಹಳೆಯ ಅಂದಾಜು ಎರಡರಷ್ಟಿತ್ತು ಅಂತ ತಿಳಿಯಿತು.

ಇದರಿಂದ ಒಂದು ನಿಯಮ ಇಟ್ಟುಕೊಳ್ಳಿ. ಒಂದು ವರ್ಷದ ವರದಿಯ ಅಂಕಿಯಿಂದ ಇನ್ನೊಂದು ವರ್ಷದ ವರದಿಯ ಅಂಕಿಯನ್ನು ಕಳೆಯಬೇಡಿ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, 2021ರ ವರದಿಯಲ್ಲಿ ಆ ವರ್ಷದ ಹೊಸ ಸೋಂಕು ಸುಮಾರು 63 ಸಾವಿರ ಅಂದಿತ್ತು. 2023ರ ವರದಿಯಲ್ಲಿ ಸುಮಾರು 68 ಸಾವಿರ ಅಂತಿದೆ. ಕಳೆದು ನೋಡಿದರೆ ಎರಡೇ ವರ್ಷದಲ್ಲಿ 5 ಸಾವಿರ ಏರಿಕೆ, ಮುಖಪುಟಕ್ಕೆ ಚೆನ್ನಾದ ಹೆಡ್ಡಿಂಗ್. ಆದರೆ ಅದೇ 2023ರ ವರದಿ, ಒಂದೇ ವಿಧಾನದಲ್ಲಿ ಹಿಂದಿನ ವರ್ಷಗಳನ್ನೂ ಮತ್ತೆ ಲೆಕ್ಕ ಹಾಕಿ, 2010ಕ್ಕೆ ಹೋಲಿಸಿದರೆ ಹೊಸ ಸೋಂಕು ಶೇ. 44ರಷ್ಟು ಇಳಿದಿದೆ ಅನ್ನುತ್ತದೆ. ದಿಕ್ಕು ಬೇಕಾದರೆ ಒಂದೇ ವರದಿಯೊಳಗಿನ ಗೆರೆ ನೋಡಿ.

ಇನ್ನೊಂದು ಕಡೆಯೂ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಎಚ್‌ಐವಿ ಜೊತೆ ಬದುಕುತ್ತಿರುವವರು 25.44 ಲಕ್ಷ ಅಂತ 2023ರ ಅಂದಾಜು. ಈ ಸಂಖ್ಯೆ ಮೇಲಕ್ಕೆ ಹೋದರೆ ಗಾಬರಿ ಬೀಳಬೇಕಾಗಿಲ್ಲ. 2004ರ ಏಪ್ರಿಲ್‌ನಲ್ಲಿ ಸರ್ಕಾರ ಎಚ್‌ಐವಿಯನ್ನು ಹತ್ತಿಕ್ಕುವ ಉಚಿತ ಎಆರ್‌ಟಿ ಮಾತ್ರೆ ಶುರು ಮಾಡಿತು. ಅದಕ್ಕೆ ಮುಂಚೆ ನಾಲ್ಕೈದು ವರ್ಷಕ್ಕೆ ಹೋಗಿಬಿಡುತ್ತಿದ್ದವರು ಈಗ ಮಕ್ಕಳ ಮದುವೆ ಮಾಡುತ್ತಿದ್ದಾರೆ. ಹೊಸಬರು ಸೇರುತ್ತಾರೆ, ಹಳಬರು ಬದುಕಿದ್ದಾರೆ, ಒಟ್ಟು ಏರುತ್ತದೆ. ಹೊಸ ಸೋಂಕು ಎಷ್ಟು, ಸಾವು ಎಷ್ಟು ಅಂತ ಬೇರೆ ಬೇರೆ ಕೇಳಬೇಕು.

ಯಾವ ಬಾಗಿಲಲ್ಲಿ ನಿಂತು ಎಣಿಸಿದರು?

ನನ್ನ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ. ಎಚ್‌ಐವಿಗೆ ಇರುವಷ್ಟು ಗಟ್ಟಿ ವ್ಯವಸ್ಥೆ ಉಳಿದ ಲೈಂಗಿಕ ಸೋಂಕುಗಳಿಗೆ ನಮ್ಮ ದೇಶದಲ್ಲಿ ಇಲ್ಲ. ಇರುವುದು ಮುಖ್ಯವಾಗಿ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳ ಲೆಕ್ಕ. ಈಗ ನಮ್ಮ ಕಡೆ ಒಬ್ಬ ಗಂಡಸಿಗೆ ಉರಿಮೂತ್ರ ಬಂತು, ಕೀವು ಬಂತು ಅಂದುಕೊಳ್ಳಿ. ಸೀದಾ ನಮ್ಮಲ್ಲಿಗೆ ಬರುತ್ತಾನಾ? ಹೀಟ್ ಆಗಿದೆ ಅಂತ ಎಳನೀರು ಕುಡಿಯುತ್ತಾನೆ. ಕಮ್ಮಿ ಆಗದಿದ್ದರೆ ಪಕ್ಕದೂರಿನ ಮೆಡಿಕಲ್ ಶಾಪ್‌ಗೆ ಹೋಗಿ ತಲೆ ತಗ್ಗಿಸಿ ಹೇಳುತ್ತಾನೆ. ಎರಡು ಮಾತ್ರೆ ಸಿಗುತ್ತದೆ. ಇಲ್ಲವೇ ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ "ಗುಪ್ತರೋಗ ತಜ್ಞರು" ಅಂತ ಬರೆಸಿ, ತಿಂಗಳಿಗೊಮ್ಮೆ ಲಾಡ್ಜ್‌ಗೆ ಬಂದು ಕೂರುವವರ ಹತ್ತಿರ ಸಾವಿರಗಟ್ಟಲೆ ಸುರಿಯುತ್ತಾನೆ. ಇವನ್ಯಾವನೂ ನಮ್ಮ ರಿಜಿಸ್ಟರಿನಲ್ಲಿ ಇಲ್ಲ. ಖಾಸಗಿ ಆಸ್ಪತ್ರೆಗೆ ಹೋದವರೂ ಬಹುತೇಕ ಇಲ್ಲ.

ಹೆಂಗಸರದ್ದು ಇದಕ್ಕೆ ಉಲ್ಟಾ. ಹೆರಿಗೆ ವಿಭಾಗಕ್ಕೆ, ಮಗುವಿಗೆ ಚುಚ್ಚುಮದ್ದು ಹಾಕಿಸಲು ಅಂತ ಅವರು ಹೇಗೂ ಆಸ್ಪತ್ರೆಗೆ ಬರುತ್ತಾರೆ. ಬಂದಾಗ ನರ್ಸ್ ಹತ್ತಿರ ಮೆಲ್ಲಗೆ ಬಿಳಿ ಹೋಗುತ್ತದೆ ಅನ್ನುತ್ತಾರೆ. ಅವರನ್ನು ಸುರಕ್ಷಾ ಕ್ಲಿನಿಕ್‌ಗೆ ಕಳಿಸುತ್ತಾರೆ. ಕಾಲಂನಲ್ಲಿ ಒಂದು ಕೇಸ್ ಸೇರಿತು. ಆದರೆ ಬಿಳಿಸೆರಗಿನ ಎಷ್ಟೋ ಪ್ರಕರಣಗಳು ಲೈಂಗಿಕವಾಗಿ ಹರಡಿದ್ದೇ ಅಲ್ಲ. ಒಳಗಿನ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದರೂ ಬರುತ್ತದೆ, ಕ್ಯಾಂಡಿಡಾ ಅನ್ನುವ ಫಂಗಸ್‌ನಿಂದಲೂ ಬರುತ್ತದೆ. ಸರ್ಕಾರಿ ವರದಿಯಲ್ಲಿ ಇವನ್ನು "ಎಸ್‌ಟಿಐ/ಆರ್‌ಟಿಐ" ಅಂತ ಒಟ್ಟಿಗೆ ಬರೆಯುತ್ತಾರೆ. ಮೊದಲನೆಯದು ಲೈಂಗಿಕ ಸೋಂಕು. ಎರಡನೆಯದು ಮಾಹಿತಿ ಹಕ್ಕಲ್ಲ ಮತ್ತೆ, ಜನನಾಂಗದ ಸೋಂಕು! ಸುದ್ದಿ ಮಾಡುವವರು ಅಡ್ಡಗೆರೆಯ ಆಚೆ ಇರುವುದನ್ನು ಬಿಟ್ಟು, ಅಷ್ಟನ್ನೂ ಲೈಂಗಿಕ ರೋಗ ಅಂತ ಬರೆದುಬಿಡುತ್ತಾರೆ. ಇಂಥ ಜಿಲ್ಲೆಯಲ್ಲಿ ಇಷ್ಟು ಸಾವಿರ ಹೆಂಗಸರಿಗೆ ಲೈಂಗಿಕ ರೋಗ ಅಂತ ಓದಿದಾಗ ನನಗೆ ಸಿಟ್ಟೇ ಬರುತ್ತದೆ. ಗಂಡ ಹೆಂಡತಿ ನಡುವೆ ಅನುಮಾನ ಬಿತ್ತಲು ಅಷ್ಟು ಸಾಕು.

ಔಷಧದ ಕಡೆಯಿಂದ ನೋಡಿದರೂ ಇದು ಗೊತ್ತಾಗುತ್ತದೆ. ಕ್ಲಿನಿಕ್ಕಿನ ಕಪಾಟಿನಲ್ಲಿ ಏಳು ಬಣ್ಣದ ಕಿಟ್ ಇವೆ. ಮೂತ್ರನಾಳದಿಂದ ಕೀವು ಬಂದರೆ ಬೂದು ಬಣ್ಣದ್ದು. ಬಿಳಿಸೆರಗಿಗೆ ಹಸಿರು. ಜನನಾಂಗದ ಹುಣ್ಣಿಗೆ ಬಿಳಿ, ಅದೇ ಹುಣ್ಣಿನವರಿಗೆ ಪೆನಿಸಿಲಿನ್ ಅಲರ್ಜಿ ಇದ್ದರೆ ನೀಲಿ. ನೀರುಗುಳ್ಳೆ ಬರುವ ಹರ್ಪಿಸ್‌ಗೆ ಕೆಂಪು. ಹೆಂಗಸರ ಕಿಬ್ಬೊಟ್ಟೆ ನೋವಿಗೆ ಹಳದಿ. ತೊಡೆಸಂದಿಯ ಗಡ್ಡೆಗೆ ಕಪ್ಪು. ಡಾಕ್ಟರ್ ಲಕ್ಷಣ ನೋಡಿ, ಆ ಲಕ್ಷಣಕ್ಕೆ ಕಾರಣ ಆಗಬಹುದಾದ ಮುಖ್ಯ ರೋಗಾಣುಗಳಿಗೆಲ್ಲ ಒಟ್ಟಿಗೆ ಮದ್ದು ಕೊಡುತ್ತಾರೆ. ಲ್ಯಾಬ್ ರಿಪೋರ್ಟ್ ಬರಲಿ, ನಾಳಿದ್ದು ಬನ್ನಿ ಅಂದರೆ ಎಷ್ಟೋ ಜನ ತಿರುಗಿ ಬರುವುದೇ ಇಲ್ಲ. ಹಳ್ಳಿಯಿಂದ ಎರಡು ಬಸ್ ಬದಲಿಸಿ ಬಂದವರಿಗೆ ಅದೇ ದಿನ ಮದ್ದು ಸಿಗಲೇಬೇಕು. ಚಿಕಿತ್ಸೆಗೆ ಇದು ಒಳ್ಳೆಯ ಪದ್ಧತಿ. ಎಣಿಕೆಗೆ ಅಷ್ಟು ಒಳ್ಳೆಯದಲ್ಲ. ಬೂದು ಕಿಟ್ ಇಷ್ಟು ಖರ್ಚಾಯಿತು ಅಂತ ಹೇಳಬಹುದು, ಅದರಲ್ಲಿ ಗೊನೊರಿಯಾ ಅನ್ನುವ ಸೋಂಕು ಎಷ್ಟು, ಕ್ಲಮೈಡಿಯಾ ಅನ್ನುವ ಸೋಂಕು ಎಷ್ಟು ಅಂತ ಹೇಳಲು ಆಗುವುದಿಲ್ಲ. ಇನ್ನು ಕ್ಲಮೈಡಿಯಾ ಬಂದ ಹೆಂಗಸರಲ್ಲಿ ಹೆಚ್ಚಿನವರಿಗೆ ಲಕ್ಷಣವೇ ಇರುವುದಿಲ್ಲ. ಅವರು ಯಾವ ಬಣ್ಣದ ಕಿಟ್‌ನಲ್ಲೂ ಕಾಣುವುದಿಲ್ಲ.

ಎಷ್ಟು ಜನರಿಗೆ ಪರೀಕ್ಷೆ ಮಾಡಿದರು?

ಪಾಸಿಟಿವ್ ಎಷ್ಟು ಅನ್ನುವುದರ ಪಕ್ಕದಲ್ಲೇ ಪರೀಕ್ಷೆ ಎಷ್ಟು ಅಂತ ಬರೆದಿದೆಯಾ ನೋಡಿ. ಲೆಕ್ಕಕ್ಕೆ ಸುಮ್ನೆ ಒಂದು ಉದಾಹರಣೆ. ಒಂದು ವರ್ಷ 1,000 ಜನರಿಗೆ ಪರೀಕ್ಷೆ, 10 ಪಾಸಿಟಿವ್. ಮುಂದಿನ ವರ್ಷ 3,000 ಜನರಿಗೆ, 18 ಪಾಸಿಟಿವ್. ಕೇಸ್ ಹೆಚ್ಚು ಕಡಿಮೆ ಎರಡರಷ್ಟಾಯಿತು ಅಂತಲೂ ಬರೆಯಬಹುದು, ಶೇ. 1 ಇದ್ದದ್ದು ಶೇ. 0.6ಕ್ಕೆ ಇಳಿಯಿತು ಅಂತಲೂ ಬರೆಯಬಹುದು. ಎರಡೂ ಸುಳ್ಳಲ್ಲ. ಹೊಸದಾಗಿ ಪರೀಕ್ಷೆಗೆ ಬಂದ 2,000 ಜನ ಯಾರು ಅಂತ ತಿಳಿಯದೆ ಎರಡರಲ್ಲಿ ಒಂದನ್ನು ಆರಿಸಬೇಡಿ.

ಇದರ ನಿಜವಾದ ಉದಾಹರಣೆ ಅಮೆರಿಕದಲ್ಲಿ ಸಿಗುತ್ತದೆ. ಅಲ್ಲಿ ಈ ಸೋಂಕುಗಳನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು, ಹಾಗಾಗಿ ಅಂಕಿಗಳು ನಮ್ಮದಕ್ಕಿಂತ ಪಕ್ಕಾ. ಆದರೂ 2020ರಲ್ಲಿ ವಿಚಿತ್ರ ಆಯಿತು. ಗೊನೊರಿಯಾ ಏರಿತು, ಸಿಫಿಲಿಸ್ ಏರಿತು, ಕ್ಲಮೈಡಿಯಾ ಮಾತ್ರ ಶೇ. 13ರಷ್ಟು ಬಿತ್ತು. ಒಂದೇ ರೀತಿ ಹರಡುವ ಸೋಂಕುಗಳಲ್ಲಿ ಒಂದು ಮಾತ್ರ ಹೇಗೆ ಕಡಿಮೆ ಆಗುತ್ತದೆ? ಕೋವಿಡ್ ಕಾಲ ಅದು. ಕ್ಲಮೈಡಿಯಾ ಅಲ್ಲಿ ಹೆಚ್ಚಾಗಿ ಸಿಗುವುದೇ ಲಕ್ಷಣ ಇಲ್ಲದ ಯುವತಿಯರಿಗೆ ಮಾಮೂಲಿ ತಪಾಸಣೆ ಮಾಡಿದಾಗ. ಆ ತಪಾಸಣೆ ಬಹಳ ಕಮ್ಮಿ ಆಯಿತು, ಕೇಸ್ ಇಳಿಯಿತು. ಗೊನೊರಿಯಾ ಬಂದ ಗಂಡಸರಿಗೆ ಸಾಮಾನ್ಯವಾಗಿ ಉರಿ, ಕೀವು ಬರುತ್ತದೆ, ಅವರು ಲಾಕ್‌ಡೌನ್ ಇದ್ದರೂ ಡಾಕ್ಟರ್ ಹುಡುಕಿಕೊಂಡು ಹೋದರು.

ಅಂಕಿಗೆ ವಯಸ್ಸೆಷ್ಟು?

ಇದು ಚಿಕ್ಕ ಪ್ರಶ್ನೆ, ಆದರೆ ಕೇಳಲೇಬೇಕು. ಭಾರತದಲ್ಲಿ ಶೇ. 6ರಷ್ಟು ವಯಸ್ಕರಿಗೆ ಯಾವುದಾದರೂ ಎಸ್‌ಟಿಐ/ಆರ್‌ಟಿಐ ಇರುತ್ತದೆ ಅನ್ನುವ ಮಾತನ್ನು ಭಾಷಣಗಳಲ್ಲಿ, ತರಬೇತಿ ಪುಸ್ತಕಗಳಲ್ಲಿ ಇವತ್ತಿಗೂ ಕೇಳುತ್ತೀರಿ. ಅದು ಬಂದದ್ದು 2002-03ರ ಸುಮಾರಿನ ಸಮೀಕ್ಷೆಯಿಂದ. ಆಗ ಹುಟ್ಟಿದ ಮಗು ಈಗ ಓಟು ಹಾಕುತ್ತಿದೆ.

ಸರಾಸರಿಯ ಕೆಳಗೆ ಏನಿದೆ?

ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ. 0.20. ಕೇಳಲು ಹಾಯಾಗಿದೆ. ಅದೇ 2023ರ ವರದಿಯಲ್ಲಿ ಮಿಜೋರಾಂ ಶೇ. 2.73, ನಾಗಾಲ್ಯಾಂಡ್ ಶೇ. 1.37, ಮಣಿಪುರ ಶೇ. 0.87. ಕರ್ನಾಟಕವೂ ದೇಶದ ಸರಾಸರಿಗಿಂತ ಮೇಲೇ ಇದೆ. ಪ್ರಮಾಣ ಬೇರೆ, ತಲೆ ಎಣಿಕೆ ಬೇರೆ. ಮಿಜೋರಾಂ ಚಿಕ್ಕ ರಾಜ್ಯ, ಹಾಗಾಗಿ ಸೋಂಕಿತರ ಸಂಖ್ಯೆಯಲ್ಲಿ ಮುಂದಿರುವುದು ಮಹಾರಾಷ್ಟ್ರ, ಆಂಧ್ರ, ಕರ್ನಾಟಕ. ಯಾವ ರಾಜ್ಯ ನಂಬರ್ ಒನ್ ಅಂತ ಬರೆಯುವವರು ಇವೆರಡರಲ್ಲಿ ಯಾವುದನ್ನು ಹಿಡಿದಿದ್ದಾರೆ ಅಂತ ನೋಡಿ. ರಾಜ್ಯದೊಳಗೂ ಹೀಗೆಯೇ. 2007ರ ಹೊತ್ತಿಗೆ ನ್ಯಾಕೋ ಜಿಲ್ಲೆಗಳನ್ನು ವಿಂಗಡಿಸಿದಾಗ, ಗರ್ಭಿಣಿಯರಲ್ಲಿ ಎಚ್‌ಐವಿ ಶೇ. 1 ದಾಟಿದ ಜಿಲ್ಲೆಗಳನ್ನು "ಎ" ವರ್ಗಕ್ಕೆ ಹಾಕಿತು. ನಮ್ಮ ಕಡೆಯ ಬೆಳಗಾವಿ, ಬಾಗಲಕೋಟೆ ಆ ಪಟ್ಟಿಯಲ್ಲಿದ್ದವು. ಬೆಂಗಳೂರಿನಲ್ಲಿ ಕುಳಿತು ರಾಜ್ಯದ ಸರಾಸರಿ ನೋಡಿದವರಿಗೆ ಬಾಗಲಕೋಟೆ ಜಿಲ್ಲೆಯ ಆ ದಿನಗಳ ಮುಧೋಳ, ಜಮಖಂಡಿ ಕಾಣುತ್ತಿರಲಿಲ್ಲ.

ಒಂದೇ ಅಂಕಿ ನೋಡುವುದಾದರೆ

ಹುಟ್ಟುವಾಗಲೇ ಸಿಫಿಲಿಸ್ ಇರುವ ಮಕ್ಕಳ ಸಂಖ್ಯೆ ನೋಡಿ ಅನ್ನುತ್ತೇನೆ. ಉಳಿದ ಅಂಕಿಗಳು ಏರಿದರೆ ಪರೀಕ್ಷೆ ಜಾಸ್ತಿ ಆಯಿತು, ವಿಧಾನ ಬದಲಾಯಿತು ಅಂತ ನೂರು ಸಮಾಧಾನ ಹೇಳಬಹುದು. ಇಲ್ಲಿ ಅಂಥ ಮಾತಿಗೆ ಜಾಗ ಕಮ್ಮಿ. ಗರ್ಭಿಣಿಗೆ ಮೊದಲ ಮೂರು ತಿಂಗಳಲ್ಲಿ ಒಂದು ರಕ್ತ ಪರೀಕ್ಷೆ, ಪಾಸಿಟಿವ್ ಬಂದರೆ ಬೆಂಜಥೈನ್ ಪೆನಿಸಿಲಿನ್ ಇಂಜೆಕ್ಷನ್. ಹಳೆಯ ಮದ್ದು, ಅಗ್ಗದ ಮದ್ದು. ಗೊನೊರಿಯಾದ ರೋಗಾಣು ಒಂದೊಂದೇ ಆ್ಯಂಟಿಬಯಾಟಿಕ್‌ಗೆ ಬಗ್ಗದೆ ಬೆಳೆಯುತ್ತಿದೆ, ಮೆಡಿಕಲ್ ಶಾಪ್‌ನ ಎರಡು ಮಾತ್ರೆಗೆ ಅದರಲ್ಲಿ ಪಾಲಿದೆ. ಆದರೆ ಸಿಫಿಲಿಸ್ ರೋಗಾಣು ಇವತ್ತಿಗೂ ಪೆನಿಸಿಲಿನ್‌ಗೆ ಸಾಯುತ್ತದೆ. ಸಿಫಿಲಿಸ್ ಇರುವ ಮಗು ಹುಟ್ಟಿತು ಅಂದರೆ ತಾಯಿಗೆ ಪರೀಕ್ಷೆ ಆಗಿಲ್ಲ, ಅಥವಾ ಇಂಜೆಕ್ಷನ್ ಹೊತ್ತಿಗೆ ಸಿಕ್ಕಿಲ್ಲ, ಅಥವಾ ಗಂಡನಿಗೆ ಚಿಕಿತ್ಸೆ ಆಗದೆ ಮತ್ತೆ ಅಂಟಿದೆ. ಎಲ್ಲವೂ ವ್ಯವಸ್ಥೆಯ ಲೋಪವೇ.

ಶ್ರೀಮಂತ ದೇಶಕ್ಕೂ ಇದು ಬಿಟ್ಟಿಲ್ಲ. ಅಮೆರಿಕ 1999ರಲ್ಲಿ ಸಿಫಿಲಿಸ್ ನಿರ್ಮೂಲನೆಗೆ ರಾಷ್ಟ್ರೀಯ ಯೋಜನೆ ಹಾಕಿತ್ತು. 2000ದ ಹೊತ್ತಿಗೆ ಅಲ್ಲಿ ಸಿಫಿಲಿಸ್, ಎಣಿಕೆ ಶುರುವಾದಾಗಿನಿಂದ ಅತಿ ಕೆಳಗಿನ ಮಟ್ಟಕ್ಕೆ ಇಳಿದಿತ್ತು. ಮುಗಿಯಿತು ಅಂದುಕೊಂಡರು. 2012ರಲ್ಲಿ ಸಿಫಿಲಿಸ್‌ನೊಂದಿಗೆ ಹುಟ್ಟಿದ ಮಕ್ಕಳು 300ರ ಆಸುಪಾಸು. 2023ರಲ್ಲಿ 3,882. ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯೇ ಹೇಳಿದ ಹಾಗೆ, 2022ರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪ್ರಕರಣಗಳನ್ನು ಹೊತ್ತಿಗೆ ಸರಿಯಾದ ಪರೀಕ್ಷೆ ಮತ್ತು ಚಿಕಿತ್ಸೆಯಿಂದ ತಡೆಯಬಹುದಿತ್ತು. ಸಾಲದ್ದಕ್ಕೆ 2023ರಲ್ಲಿ ಆ ಪೆನಿಸಿಲಿನ್ ಇಂಜೆಕ್ಷನ್ನೇ ಅಲ್ಲಿ ಕೊರತೆಯಾಯಿತು.

ಭಾರತವೂ ತಾಯಿಯಿಂದ ಮಗುವಿಗೆ ಎಚ್‌ಐವಿ, ಸಿಫಿಲಿಸ್ ಹರಡುವುದನ್ನು ನಿಲ್ಲಿಸುವ ಗುರಿ ಇಟ್ಟುಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಪ್ರಕಾರ ಸಿಫಿಲಿಸ್ ಮಕ್ಕಳು ಒಂದು ಲಕ್ಷ ಜನನಕ್ಕೆ 50 ಮೀರಬಾರದು. ಒಂದೇ ಹನಿ ರಕ್ತದಲ್ಲಿ ಎಚ್‌ಐವಿ, ಸಿಫಿಲಿಸ್ ಎರಡನ್ನೂ ನೋಡುವ ಕಿಟ್‌ಗಳು ಬಂದಿವೆ. ಇವು ಹೆಚ್ಚು ಕಡೆ ತಲುಪಿದಷ್ಟೂ ಗರ್ಭಿಣಿಯರಲ್ಲಿ ಸಿಫಿಲಿಸ್ ಅಂಕಿ ಮೇಲೆ ಹೋಗುತ್ತದೆ, ಅದು ಕೆಟ್ಟ ಸುದ್ದಿ ಅಲ್ಲ. ನೀವು ವರದಿಗಾರರಾಗಿದ್ದರೆ, ಪಂಚಾಯಿತಿ ಸದಸ್ಯರಾಗಿದ್ದರೆ, ನಿಮ್ಮ ಜಿಲ್ಲೆಯ ಆರೋಗ್ಯ ಅಧಿಕಾರಿಗಳನ್ನು ಹೀಗೆ ಕೇಳಿ: ನೋಂದಾಯಿಸಿದ ಗರ್ಭಿಣಿಯರು ಎಷ್ಟು, ಅವರಲ್ಲಿ ಸಿಫಿಲಿಸ್ ಪರೀಕ್ಷೆ ಆದವರು ಎಷ್ಟು, ಪಾಸಿಟಿವ್ ಎಷ್ಟು, ಇಂಜೆಕ್ಷನ್ ಸಿಕ್ಕಿದ್ದು ಎಷ್ಟು ಜನಕ್ಕೆ, ಎಷ್ಟು ಗಂಡಂದಿರು ಬಂದರು. ಕೊನೆಯ ಪ್ರಶ್ನೆಗೆ ಮೀಟಿಂಗ್‌ನಲ್ಲಿ ಎಲ್ಲರೂ ಫೈಲ್ ತಿರುವಿ ಹಾಕಲು ಶುರು ಮಾಡುತ್ತಾರೆ ನೋಡಿ.

ಓದಿದ ಮೇಲೆ ನಿಮಗೇ ಅನುಮಾನ ಬಂದರೆ

ಇಂಥ ಲೇಖನ ಓದಿದವರಲ್ಲಿ ಯಾರಾದರೂ ಒಬ್ಬರು ತಮ್ಮದೇ ಲಕ್ಷಣ ನೆನೆದು ಗಾಬರಿಯಾಗಿರುತ್ತಾರೆ. ಅವರಿಗಾಗಿ ಇದು. ಹುಣ್ಣು, ಕೀವು, ಉರಿ, ವಾಸನೆ ಇರುವ ಬಿಳಿಸೆರಗು, ತೊಡೆಸಂದಿಯಲ್ಲಿ ಗಡ್ಡೆ, ಇವುಗಳಲ್ಲಿ ಏನೇ ಇದ್ದರೂ ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಬನ್ನಿ. ಪರೀಕ್ಷೆ, ಕಿಟ್ ಎರಡೂ ಉಚಿತ. ನೋವಿಲ್ಲದ ಹುಣ್ಣನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಫಿಲಿಸ್‌ನ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಮದ್ದಿಲ್ಲದೆಯೂ ಮಾಯುತ್ತದೆ, ರೋಗ ಒಳಗೇ ಉಳಿಯುತ್ತದೆ.

"ಮೇಡಂರೀ, ಇದು ನಮ್ಮೂರಾಗ ಯಾರಿಗೂ ಗೊತ್ತಾಗಂಗಿಲ್ಲ ಹೌದಿಲ್ರೀ?" ನನ್ನ ಎದುರಿನ ಕುರ್ಚಿಯಲ್ಲಿ ಕೂತವರು ಎಲ್ಲಕ್ಕಿಂತ ಮೊದಲು ಕೇಳುವುದು ಇದನ್ನೇ. ಎಚ್‌ಐವಿ ವಿಷಯದಲ್ಲಿ ಇದಕ್ಕೆ ಕಾನೂನೇ ಇದೆ. 2017ರ ಕಾಯ್ದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಕಾಯ್ದೆಯೇ ಹೇಳಿರುವ ಕೆಲವು ಸಂದರ್ಭ ಬಿಟ್ಟರೆ, ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ಪ್ರಕಟವಾಗುವ ವರದಿಗಳಲ್ಲಿ ಸಂಖ್ಯೆ ಮಾತ್ರ ಇರುತ್ತದೆ, ಹೆಸರಿರುವುದಿಲ್ಲ. ಮೊನ್ನೆ ಮೊನ್ನೆ ಅಪಾಯ ಆಗಿದ್ದರೆ ಎಚ್‌ಐವಿ ಪರೀಕ್ಷೆ ಇವತ್ತು ನೆಗೆಟಿವ್ ಬಂದರೂ ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಿಸಿ. ಸೋಂಕು ಆದ ತಕ್ಷಣ ಅದು ಪರೀಕ್ಷೆಯಲ್ಲಿ ಕಾಣುವುದಿಲ್ಲ.

ಗರ್ಭಿಣಿ ಇದ್ದರೆ ತಾಯಿ ಕಾರ್ಡ್ ತೆಗೆದು ರಕ್ತ ಪರೀಕ್ಷೆಯ ಪುಟ ನೋಡಿ. ವಿಡಿಆರ್‌ಎಲ್ ಅಥವಾ ಸಿಫಿಲಿಸ್ ಅಂತ ಇರುವ ಜಾಗ ಖಾಲಿ ಇದ್ದರೆ ಮುಂದಿನ ತಪಾಸಣೆಯವರೆಗೆ ಕಾಯಬೇಡಿ, ಕೇಳಿ ಮಾಡಿಸಿಕೊಳ್ಳಿ. ಪಾಸಿಟಿವ್ ಬಂದರೆ ಇಂಜೆಕ್ಷನ್ ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಶುರುವಾಗಿರಬೇಕು, ಆಗಲೇ ಮಗುವಿಗೆ ಪೂರ್ತಿ ರಕ್ಷಣೆ. ಅದಕ್ಕೇ ಮೊದಲ ಮೂರು ತಿಂಗಳು ಅಂತ ನಾವು ಬಡಿದುಕೊಳ್ಳುವುದು.

ಲೈಂಗಿಕ ಸೋಂಕು ಅಂತ ಡಾಕ್ಟರ್ ಹೇಳಿದ ಮೇಲೆ ಚಿಕಿತ್ಸೆ ಇಬ್ಬರಿಗೂ ಆಗಬೇಕು. ಆ ಹೊತ್ತಿಗೆ ಯಾರಿಂದ ಬಂತು ಅನ್ನುವ ಜಗಳ ಬೇಡ. ಲಕ್ಷಣ ಇಲ್ಲದ ಸೋಂಕು ಯಾರಲ್ಲಿ ಎಷ್ಟು ದಿನದಿಂದ ಇತ್ತು ಅಂತ ಒಂದು ಪರೀಕ್ಷೆಯಿಂದ ಹೇಳಲು ಆಗುವುದಿಲ್ಲ. ಇಬ್ಬರದ್ದೂ ಮದ್ದು ಮುಗಿದು ಕನಿಷ್ಠ ಏಳು ದಿನ ಕಳೆಯುವವರೆಗೆ, ಹುಣ್ಣಿದ್ದರೆ ಅದು ಮಾಯುವವರೆಗೆ ಕೂಡಬೇಡಿ. ಮಾತ್ರೆಯನ್ನು ಅರ್ಧ ಅರ್ಧ ಹಂಚಿಕೊಳ್ಳುವ ದಂಪತಿಗಳೂ ಇದ್ದಾರೆ, ಹಾಗೆ ಮಾಡಿದರೆ ಇಬ್ಬರಿಗೂ ವಾಸಿಯಾಗುವುದಿಲ್ಲ. ನಮ್ಮ ಕಡೆ ಗಂಡ ಗೋವಾದಲ್ಲೋ ಮಂಗಳೂರಿನಲ್ಲೋ ಕಟ್ಟಡ ಕೆಲಸಕ್ಕೆ ಹೋಗಿರುತ್ತಾನೆ. ಹಬ್ಬಕ್ಕೆ ಬಂದಾಗ ಕರೆದುಕೊಂಡು ಬರುತ್ತೇನೆ ಅನ್ನಬೇಡಿ. ಕ್ಲಿನಿಕ್‌ನಲ್ಲಿ ಅವನಿಗೂ ಒಂದು ಚೀಟಿ ಬರೆಸಿಕೊಂಡು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿ. ಅವನಿರುವ ಊರಿಗೆ ಹತ್ತಿರದ ಸರ್ಕಾರಿ ಕ್ಲಿನಿಕ್ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಲಿ, ದುಡ್ಡು ಬೀಳುವುದಿಲ್ಲ.